ಖಾಸಿಂಸಾಬರ ಇನ್ನೂರ ಹತ್ತು ತುಂಡುಗಳು

ಗದಗಿನ ಬೆಟಗೇರಿಯಲ್ಲಿ ಖಾಸಿಂಸಾಬರು ಕಬ್ಬಿಣ ಕಡೆಯುತ್ತಿದ್ದ ಲೇಥ್ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಹೋದ ವರ್ಷ ಅವರು ಅಂಗಡಿ ಮುಚ್ಚಿ, ಹೆಂಡತಿ ಫಕೀರಬಿಯವರ ಜೊತೆ ಹುಟ್ಟೂರು ಲಕ್ಷ್ಮೇಶ್ವರಕ್ಕೆ ಹೋದರು. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೂ ಅಳತೆಪಟ್ಟಿಯ ಗೆರೆ ಸರಿಯಾಗಿ ಕಾಣುತ್ತಿಲ್ಲ, ಗೆರೆ ಕಾಣದ ಮೇಲೆ ಲೇಥ್ ಮುಟ್ಟಬಾರದು ಅಂದರು. ಅಂಗಡಿಯ ನೆಲದಲ್ಲಿ ಲೇಥ್ ಕೂರಿಸಿದ್ದ ನಾಲ್ಕು ಬೋಲ್ಟುಗಳ ತೂತಿಗೆ ಸಿಮೆಂಟು ತುಂಬಿದ್ದಾರೆ, ಆದರೆ ಅದರ ಬಣ್ಣ ಬೇರೆ, ನೋಡಿದರೆ ಗೊತ್ತಾಗುತ್ತದೆ. ಅದನ್ನು ನೋಡುವ ಸಲುವಾಗಿಯೇ ನಾನು ಆ ಕಡೆ ಹೋದಾಗಲೆಲ್ಲ ಒಳಗೆ ಹೊಕ್ಕು, ಬೇಡದಿದ್ದರೂ ಒಂದು ಚಾರ್ಜರು ಕೊಂಡು ಬರುತ್ತೇನೆ. ಮನೆಯಲ್ಲಿ ಈಗ ಆರು ಚಾರ್ಜರುಗಳಿವೆ.

ನನ್ನ ಬಗ್ಗೆ ಎರಡು ಮಾತು ಹೇಳದೆ ಅವರ ಕತೆ ಹೇಳಲು ಬರುವುದಿಲ್ಲ, ಯಾಕೆಂದರೆ ಅವರ ಹೆಸರು ಕೆಡಿಸಿದವಳು ನಾನೇ. ನಾನು ರೋಹಿಣಿ, ಬೆಟಗೇರಿಯ ನೇಕಾರರ ಮನೆಯವಳು. ಅಪ್ಪ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಓದಿ ಮೆಕ್ಯಾನಿಕಲ್ ಇಂಜಿನಿಯರ್ ಆದೆ, ಆಮೇಲೆ ಸಂಶೋಧನೆಗೆ ಸೇರಿದೆ. ಬಸ್ಸಿನಲ್ಲಿ ಒಂದೂವರೆ ತಾಸು ದೂರದ ಕಾಲೇಜು, ವಾಸ ಅಲ್ಲಿನ ಹಾಸ್ಟೆಲ್ಲಿನಲ್ಲಿ. ವಿಷಯ ಕೃತಕ ಕಾಲು, ಅದರಲ್ಲೂ ಪಾದ ಮತ್ತು ಕಾಲು ಕೂಡುವ ಕೀಲು. ಅರ್ಧ ಕೆಲಸ ವೈದ್ಯರ ಜೊತೆ, ಅರ್ಧ ಕೆಲಸ ಕಬ್ಬಿಣದ ಜೊತೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಈ ಕತೆಯಲ್ಲಿ ಅದು ನಿಮಗೂ ಕಾಣುತ್ತದೆ.

ಖಾಸಿಂಸಾಬರ ತಂದೆ ಲಕ್ಷ್ಮೇಶ್ವರದಲ್ಲಿ ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿ ಕೂಡಿಸುತ್ತಿದ್ದರು. ಚಕ್ಕಡಿಗಳಿಗೆ ರಬ್ಬರ್ ಗಾಲಿ ಬಂದ ಮೇಲೆ ಆ ಕೆಲಸ ನಿಂತಿತು. ಮಗ ಗದಗಿಗೆ ಬಂದು, ಮುದ್ರಣ ಯಂತ್ರಗಳ ಬಿಡಿಭಾಗ ಮಾಡುವ ಒಂದು ಅಂಗಡಿಯಲ್ಲಿ ಲೇಥ್ ಕಲಿತರು. ಹದಿನೆಂಟು ವರ್ಷ ಅಲ್ಲಿ ದುಡಿದು, ಹಳೆಯ ಲೇಥ್ ಒಂದನ್ನು ಕೊಂಡು ನಮ್ಮ ಓಣಿಯಲ್ಲಿ ಹೂಡಿದರು. ಹಿಂದಿನ ಎರಡು ಕೋಣೆಗಳಲ್ಲೇ ಮನೆ. ಅವರ ಕಡೆ ಬರದ ವಸ್ತು ಇರಲಿಲ್ಲ. ಶಿರಹಟ್ಟಿಯ ಎಣ್ಣೆ ಗಾಣದ ಅಚ್ಚು, ಮುಂಡರಗಿಯ ಹೊಳೆದಂಡೆಯ ನೀರಿನ ಪಂಪು, ಅಂತೂರ ಬೆಂತೂರಿನ ಟ್ರ್ಯಾಕ್ಟರ್ ಪಿನ್ನು, ನಮ್ಮ ಓಣಿಯ ಮಗ್ಗಗಳ ಸಣ್ಣಪುಟ್ಟ ಸಾಮಾನು, ಎಲ್ಲ ಬರುತ್ತಿದ್ದವು. ಲೇಥ್ ತಿರುಗುವಾಗ ಅವರು ಮಾತಾಡುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಯಂತ್ರ ನಿಲ್ಲಿಸಿ, "ಹೇಳ್ರಿ" ಅಂದು, ಕೇಳಿಕೊಂಡು ಮತ್ತೆ ಚಾಲೂ ಮಾಡುತ್ತಿದ್ದರು. ಕರೆಂಟು ಹೋದ ಹೊತ್ತಿನಲ್ಲಿ ಮಾತ್ರ ಅವರಷ್ಟು ಹರಟೆ ಹೊಡೆಯುವವರು ಇನ್ನೊಬ್ಬರಿರಲಿಲ್ಲ.

ಅವರದೊಂದು ಪದ್ಧತಿ ಇತ್ತು. ಮಾಡಿದ ಕೆಲಸ ಅಂಗಡಿಯಲ್ಲಿ ಮುಗಿಯಿತು ಎಂದು ಅವರು ಯಾವತ್ತೂ ಹೇಳುತ್ತಿರಲಿಲ್ಲ. ತುಂಡನ್ನು ಎಣ್ಣೆ ಹಚ್ಚಿ ಕಾಗದದಲ್ಲಿ ಸುತ್ತಿ ಕೊಡುವಾಗ, "ಕೂಡಸೂ ಹೊತ್ತಿಗೆ ಕರೀರಿ" ಅನ್ನುವರು. ಕರೆದರೆ ಎರಡು ಅರ ಮತ್ತು ಪಾಲೀಶು ಕಾಗದ ತೆಗೆದುಕೊಂಡು ಮುಂಡರಗಿಯ ಬಸ್ಸಾದರೂ ಹತ್ತುವರು. ಹೋಗಿ, ತುಂಡನ್ನು ಅದರ ಜಾಗದಲ್ಲಿ ಇಟ್ಟು, ಬಿಗಿಯಾದಲ್ಲಿ ಒಂದು ಕೈ ಉಜ್ಜಿ, ಮತ್ತೆ ಇಟ್ಟು, ಮತ್ತೆ ಉಜ್ಜಿ, ದಿನಪತ್ರಿಕೆಯ ಒಂದು ಚೂರು ಸಂದಿನಲ್ಲಿ ಸರಾಗ ಹೋಗಿ ಬರುವಂತಾದ ಮೇಲೆ, "ಈಗ ಆತು" ಅನ್ನುವರು. ಇದಕ್ಕೆ ಬೇರೆ ಕೂಲಿ ಇರಲಿಲ್ಲ, ಚಹಾ ಇದ್ದರೆ ಸಾಕು. ನಾನು ಚಿಕ್ಕವಳಿದ್ದಾಗ ಅಪ್ಪನ ಮಗ್ಗದ ಪಕ್ಕದಲ್ಲಿ ಅವರು ಹೀಗೆ ಕೂತು ಅರ ಉಜ್ಜುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದರ ಪುಡಿ ಹಾರಿ ನೂಲಿಗೆ ಬೀಳಬಾರದೆಂದು ಅಮ್ಮ ಹಳೆಯ ಸೀರೆ ಹಾಸುತ್ತಿದ್ದಳು.

ಇಷ್ಟು ನೋಡಿದ್ದರೂ ನಾನು ಅದನ್ನು ಮರೆತೆ. ಮರೆತೆ ಅನ್ನುವುದಕ್ಕಿಂತ, ಮರೆಯುವುದನ್ನು ಕಲಿಸುವುದಕ್ಕೇ ಇಂಜಿನಿಯರಿಂಗ್ ಕಾಲೇಜು ಇರುವುದು. ಅಲ್ಲಿ ಮೊದಲ ವರ್ಷವೇ ಹೇಳುತ್ತಾರೆ: ಒಳ್ಳೆಯ ತುಂಡು ಅಂದರೆ ಅರ ಮುಟ್ಟಿಸದೆ ತನ್ನ ಜಾಗದಲ್ಲಿ ಕೂರುವ ತುಂಡು. ಉಜ್ಜಿ ಕೂಡಿಸುವುದು ಹಳ್ಳಿಯ ಕೆಲಸ. ನಾನೂ ತಲೆಯಾಡಿಸಿ ಬರೆದುಕೊಂಡೆ.

ನನ್ನ ಸಂಶೋಧನೆ ಶುರುವಾದದ್ದು ನನ್ನ ಸೋದರತ್ತೆಯಿಂದ. ದ್ರಾಕ್ಷಾಯಣಿ ಅತ್ತೆಗೆ ಸಕ್ಕರೆ ಕಾಯಿಲೆ. ಪಾದದ ಹುಣ್ಣು ಮಾಯದೆ, ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆಸ್ಪತ್ರೆಯವರು ಕೃತಕ ಕಾಲು ಕೊಟ್ಟರು. ನಡೆಯಲು ಅದು ಚೆನ್ನಾಗಿಯೇ ಇತ್ತು. ಆದರೆ ಕುಣಿಮಗ್ಗಕ್ಕೆ ಎರಡೂ ಪಾದ ಬೇಕು. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಎರಡು ಹಲಗೆಗಳನ್ನು ಒಂದಾದ ಮೇಲೊಂದರಂತೆ ತುಳಿಯಬೇಕು. ಆ ಕಾಲಿನ ಪಾದ ಬಾಗದು. ಪಾದ ಬಾಗದೆ ಹಲಗೆ ಇಳಿಯದು, ಹಲಗೆ ಇಳಿಯದೆ ಲಾಳಿ ಹಾಯಲು ನೂಲು ತೆರೆಯದು. ನಲವತ್ತು ವರ್ಷ ನೇಯ್ದವಳು ಮಗ್ಗದ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದಳು.

ಅವಳಿಗಾಗಿ, ಅವಳಂಥವರಿಗಾಗಿ, ತುಳಿದಾಗ ಬಾಗಿ ಬಿಟ್ಟಾಗ ಮರಳುವ ಒಂದು ಕೀಲನ್ನು ನಾನು ರೂಪಿಸಿದೆ. ಅವಳ ಎಡಪಾದಕ್ಕೆ ಒತ್ತಡ ಅಳೆಯುವ ಪಟ್ಟಿ ಕಟ್ಟಿ, ಹಲಗೆಯನ್ನು ಎಷ್ಟು ಬಲದಿಂದ, ಎಷ್ಟು ಆಳಕ್ಕೆ ತುಳಿಯುತ್ತಾಳೆಂದು ಗುರುತು ಹಾಕಿಕೊಂಡೆ. ಆಸ್ಪತ್ರೆಯ ಅನುಮತಿ, ಸಹಿ, ಎಲ್ಲ ಆಯಿತು. ಕೀಲಿನಲ್ಲಿ ಏಳು ತುಂಡು. ಕವೆಯಂಥ ಒಂದು ಹಿಡಿಕೆ, ಅದರ ಸಂದಿನಲ್ಲಿ ಸಾಲಾಗಿ ಕೂರುವ ಆರು ತುಂಡುಗಳು. ಅವು ಕೂತ ಮೇಲೆ ಮಿಲಿಮೀಟರಿನ ಐದನೇ ಒಂದು ಪಾಲು ಸಡಿಲ ಉಳಿಯಬೇಕು. ಹೆಚ್ಚಾದರೆ ಪಾದ ಗಡಗಡ ಅನ್ನುತ್ತದೆ, ಹಲಗೆ ಸಿಕ್ಕಿದ್ದು ಕಾಲಿಗೆ ತಿಳಿಯುವುದಿಲ್ಲ. ಇಲ್ಲವಾದರೆ ಕೀಲು ಬಿಗಿದುಕೊಳ್ಳುತ್ತದೆ.

ಯಾವ ಕೈಯೂ ಒಂದು ತುಂಡನ್ನು ಹೇಳಿದ ಅಳತೆಗೆ ಸರಿಯಾಗಿ ಮಾಡಲಾರದು, ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಎಷ್ಟು ಹೆಚ್ಚುಕಡಿಮೆಯಾದರೆ ನಡೆಯುತ್ತದೆ ಎಂದು ಮೊದಲೇ ಲೆಕ್ಕ ಹಾಕುವುದೇ ನನ್ನ ವಿದ್ಯೆ. ನನ್ನ ಲೆಕ್ಕದ ಮೂಲ ನಂಬಿಕೆ ಇದು: ಕೈ ತಪ್ಪಿದರೆ ಒಂದು ತುಂಡು ಕೂದಲೆಳೆ ಹೆಚ್ಚಾಗುತ್ತದೆ, ಇನ್ನೊಂದು ಕೂದಲೆಳೆ ಕಡಿಮೆಯಾಗುತ್ತದೆ. ಏಳು ಕೂಡಿದಾಗ ಹೆಚ್ಚನ್ನು ಕಡಿಮೆ ನುಂಗುತ್ತದೆ. ಹಾಗಾಗಿ ಪ್ರತಿ ತುಂಡಿಗೂ ಮಿಲಿಮೀಟರಿನ ನೂರನೇ ಪಾಲಿನಲ್ಲಿ ಐದರಷ್ಟು ಮೇಲೆ, ಐದರಷ್ಟು ಕೆಳಗೆ ಬಿಟ್ಟೆ. ಅಷ್ಟು ಬಿಟ್ಟರೆ ದೊಡ್ಡ ಊರಿನ ದುಬಾರಿ ಯಂತ್ರ ಬೇಕಿಲ್ಲ, ನಮ್ಮೂರ ಲೇಥಿನಲ್ಲೇ ಕಾಲು ತಯಾರಾಗಬಹುದು. ಸಾವಿರ ಕೀಲು ಕೂಡಿಸಿದರೂ ಒಂದೂ ಬಿಗಿಯುವುದಿಲ್ಲ ಎಂದು ಕಂಪ್ಯೂಟರು ಹೇಳಿತು. ನಾನು ಕಂಪ್ಯೂಟರಿನ ಬೆನ್ನು ತಟ್ಟಿದೆ.

ನಕ್ಷೆ ಹಿಡಿದು ಖಾಸಿಂಸಾಬರ ಅಂಗಡಿಗೆ ಹೋದೆ. ಮೂವತ್ತು ಕೀಲುಗಳಿಗೆ ಬೇಕಾದ ಇನ್ನೂರ ಹತ್ತು ತುಂಡುಗಳನ್ನು ಕೇಳಿದೆ. ಅವರು ಕಾಗದವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಈ ಮ್ಯಾಲೆ ಐದು, ಕೆಳಗ ಐದು ಅಂದ್ರ?"

"ಆ ಎರಡರ ನಡುವ ಎಲ್ಲೆ ಬಂದ್ರೂ ನಡೀತೈತಿ ಕಾಕಾ."

"ನಡುವ ಬಂದ್ರ ಸಾಕು. ಭೇಷ್. ಯಾರ ಕಾಲಿಗಿದು?"

"ನಮ್ಮ ದ್ರಾಕ್ಷಾಯಣಿ ಅತ್ತಿಗೆ."

ಅವರು ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡರು. "ಹಂಗಾರ ಛಲೋತ್ನಂಗ ಮಾಡೂಣ. ಕೂಡಸೂ ಹೊತ್ತಿಗೆ ಕರಿ ಯವ್ವಾ."

"ಕರೀತೀನಿ" ಅಂದೆ. ಬಾಯಿಮಾತಿಗೆ ಅಂದದ್ದು. ಪ್ರಯೋಗಾಲಯದಲ್ಲಿ ಅರ ಹಿಡಿದವರಿಗೆ ಏನು ಕೆಲಸ?

ಎರಡು ತಿಂಗಳಿಗೆ ತುಂಡುಗಳು ತಯಾರಾದವು. ಏಳೇಳು ತುಂಡುಗಳನ್ನು ಒಂದೊಂದು ಪೊಟ್ಟಣ ಮಾಡಿ, ಎಣ್ಣೆ ಹಚ್ಚಿ ಇಟ್ಟಿದ್ದರು. ಅವನ್ನು ಚೀಲಕ್ಕೆ ಹಾಕಿಕೊಂಡು ಕಾಲೇಜಿಗೆ ಒಯ್ದೆ. ಮೊದಲ ಕೀಲು ಕೂಡಿಸಿದೆ, ಅಲುಗಲಿಲ್ಲ. ಎರಡನೆಯದೂ ಅಲುಗಲಿಲ್ಲ. ಸಂಜೆಯ ಹೊತ್ತಿಗೆ ಮೂವತ್ತರಲ್ಲಿ ಇಪ್ಪತ್ತೇಳು ಬಿಗಿದುಕೊಂಡು ಕೂತಿದ್ದವು. ಕೆಲವನ್ನು ಸುತ್ತಿಗೆಯಿಂದ ಬಡಿದು ಬಿಡಿಸಬೇಕಾಯಿತು. ಐದಾರು ತುಂಡು ಅಳೆದು ನೋಡಿದೆ. ಅಳತೆ ಸರಿಯಾಗಿಯೇ ಇತ್ತು. ಹಾಗಾದರೆ ಅಳೆಯದೆ ಬಿಟ್ಟ ತುಂಡುಗಳೇ ಕೆಟ್ಟಿರಬೇಕು ಎಂದು ತೀರ್ಮಾನಿಸಿದೆ. ಇಂಥ ತರ್ಕ ಸಂಶೋಧಕರಿಗೆ ಮಾತ್ರ ಹೊಳೆಯುತ್ತದೆ.

ಆರು ತಿಂಗಳ ವರದಿ ಕೊಡುವ ದಿನ ಹತ್ತಿರವಿತ್ತು. ನನ್ನ ಲೆಕ್ಕ ತಪ್ಪಿರಬಹುದೆಂಬ ಯೋಚನೆಯೇ ಬರಲಿಲ್ಲ. ಸಿಟ್ಟಿನಲ್ಲಿ ಬರೆದೆ: ಸ್ಥಳೀಯ ಲೇಥ್ ಟರ್ನರ್ ಖಾಸಿಂಸಾಬರ ಕೆಲಸದ ದೋಷದಿಂದ ಕೀಲುಗಳು ಹೊಂದಲಿಲ್ಲ, ಬೇರೆಡೆ ಮಾಡಿಸಬೇಕು. ಒಂದೇ ಸಾಲು. ಬರೆಯಲು ಅರ್ಧ ನಿಮಿಷ ಹಿಡಿಯಿತು.

ವರದಿಯ ಒಂದು ಪ್ರತಿ ಸಾಮಾನಿನ ಲೆಕ್ಕಕ್ಕೆಂದು ಕಾಲೇಜಿನ ಉಗ್ರಾಣಕ್ಕೆ ಹೋಗುತ್ತದೆ. ಅಲ್ಲಿದ್ದ ಗವಿಸಿದ್ದೇಶ ಬೆಟಗೇರಿಯವನೇ, ದಿನಾ ಬಸ್ಸಿಗೆ ಓಡಾಡುವವನು. ಅವನೇನು ಕೆಟ್ಟವನಲ್ಲ. ಓದಿದ್ದನ್ನು ಓಣಿಯ ಚಹಾದಂಗಡಿಯಲ್ಲಿ ಹೇಳಿದ, ಅಷ್ಟೆ. ಖಾಸಿಂಸಾಬರ ಕೈ ಕೆಟ್ಟಿತಂತೆ, ಕಾಲೇಜಿನವರೇ ಬರೆದಿದ್ದಾರಂತೆ ಎಂದು ಸುದ್ದಿಯಾಯಿತು. ಇದೊಂದೂ ನನಗೆ ಆಗ ಗೊತ್ತಿರಲಿಲ್ಲ.

ನನಗೆ ಅತ್ತೆಗೆ ಹೇಳುವುದೇ ದೊಡ್ಡ ಕಷ್ಟವಾಗಿತ್ತು. ಭಾನುವಾರ ಅವಳ ಮನೆಗೆ ಹೋದೆ. ಮಗ್ಗಕ್ಕೆ ಉದ್ದನೂಲಿನ ಹಾಸು ಹೂಡಿಸಿಟ್ಟುಕೊಂಡು ಕೂತಿದ್ದಳು, ಹಸಿರು ನೂಲು, ಕೆಂಪು ದಡಿ.

"ನನ್ನ ಕಾಲ ಏನಾತು?" ಅಂದಳು.

"ತಡಾ ಆಗತೈತಿ ಅತ್ತಿ. ಖಾಸಿಂ ಕಾಕಾ ತುಂಡ ಕೆಡಿಸ್ಯಾರ."

"ಖಾಸಿಂಸಾಬ ಕೆಡಿಸ್ಯಾನ?" ಅತ್ತೆ ನನ್ನನ್ನೇ ನೋಡಿದಳು. "ಕೂಡಸಾಕ ಬಂದಿದ್ನೇನು ಅಂವ?"

"ಇಲ್ಲ. ಪ್ರಯೋಗಾಲಯದಾಗ ನಾವ ಕೂಡಿಸಿದ್ವಿ."

"ಅವನ್ನ ಕರೀದ ಕೂಡಿಸಿದ್ರ?"

"ಕರೀಬೇಕಂತೇನಿಲ್ಲ ಅತ್ತಿ, ತುಂಡ ಸರಿ ಇದ್ರ ತಾವ ಕೂಡತಾವ."

"ಹಂಗಾರ ಕೆಡಿಸಿದಾಕಿ ನೀನ" ಅಂದಳು ಅತ್ತೆ, ಮತ್ತೆ ನೂಲಿನ ಕಡೆ ತಿರುಗಿದಳು.

ನಾನು ಚಹಾ ಕುಡಿಯದೆ ಎದ್ದು ಬಂದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನನಗೆ ಇಂಜಿನಿಯರಿಂಗ್ ಹೇಳುತ್ತಾಳೆ ಎಂದು ದಾರಿಯುದ್ದಕ್ಕೂ ಗೊಣಗಿದೆ. ಆದರೆ ಆ ಮಾತು ಚಪ್ಪಲಿಯೊಳಗಿನ ಹರಳಿನಂತೆ ಚುಚ್ಚುತ್ತಲೇ ಇತ್ತು. ಅವಳದು ತಪ್ಪು ಎಂದು ತೋರಿಸಲಿಕ್ಕಾದರೂ ಎಲ್ಲ ತುಂಡುಗಳನ್ನು ಅಳೆಯಲೇಬೇಕು ಅನಿಸಿತು.

ಇನ್ನೂರ ಹತ್ತು ತುಂಡುಗಳಿಗೆ ಎರಡು ದಿನ ಹಿಡಿಯಿತು. ಒಂದೊಂದನ್ನೂ ಒರೆಸಿ, ಮೂರು ಸಲ ಅಳೆದು ಬರೆದುಕೊಂಡೆ. ನಾನು ಹುಡುಕುತ್ತಿದ್ದದ್ದು ಮೇರೆ ಮೀರಿದ ತುಂಡು. ಒಂದೂ ಸಿಗಲಿಲ್ಲ. ಇನ್ನೂರ ಹತ್ತಕ್ಕೆ ಇನ್ನೂರ ಹತ್ತೂ ನಾನು ಹೇಳಿದ ಮೇರೆಯ ಒಳಗೇ ಇದ್ದವು. ಅದನ್ನೆಲ್ಲ ಗುಪ್ಪೆ ಗುಪ್ಪೆಯಾಗಿ ಕಾಣುವ ಚಿತ್ರ ಮಾಡಿ ಪರದೆಯ ಮೇಲೆ ನೋಡಿದೆ. ನಡುವೆ ಇರಬೇಕಾದ ಗುಪ್ಪೆ ನಡುವೆ ಇರಲಿಲ್ಲ. ಅಷ್ಟೂ ತುಂಡುಗಳು ಹೆಚ್ಚಿನ ಕಡೆಗೆ ಸರಿದು, ಮೇರೆಗೆ ಕೂದಲೆಳೆ ಒಳಗೆ ಒತ್ತೊತ್ತಾಗಿ ನಿಂತಿದ್ದವು. ಕವೆಯ ಸಂದು ಮಾತ್ರ ಕಡಿಮೆಯ ಕಡೆಗಿತ್ತು, ಯಾಕೆಂದರೆ ಸಂದು ಕಿರಿದಾದರೆ ತಾನೆ ಅಲ್ಲಿ ಲೋಹ ಉಳಿಯುವುದು. ಅಂದರೆ ಆ ಕೈ ಒಂದೇ ಒಂದು ಸಲವೂ ಲೋಹವನ್ನು ಹೆಚ್ಚು ತಿಂದಿರಲಿಲ್ಲ. ಒಂದನ್ನೊಂದು ನುಂಗಬೇಕಾದ ತಪ್ಪುಗಳು ಇರಲೇ ಇಲ್ಲ. ಎಲ್ಲ ಒಂದೇ ಕಡೆ ಕೂಡಿಕೊಂಡು, ನಾನು ಬಿಟ್ಟ ಸಡಿಲವನ್ನೆಲ್ಲ ತುಂಬಿಬಿಟ್ಟಿದ್ದವು.

ತಪ್ಪು ತುಂಡುಗಳಲ್ಲಿ ಇರಲಿಲ್ಲ, ನನ್ನ ನಂಬಿಕೆಯಲ್ಲಿತ್ತು. ಮನುಷ್ಯನ ಕೈ ಪಗಡೆಯ ದಾಳದ ಹಾಗೆ ಎತ್ತ ಬೇಕಾದರೂ ಬೀಳುತ್ತದೆ ಎಂದುಕೊಂಡಿದ್ದೆ. ಕೈಗೆ ಒಂದು ಬುದ್ಧಿ ಇರುತ್ತದೆ ಎನ್ನುವುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮರುದಿನವೇ ತುಂಡುಗಳ ಚೀಲ ಹಿಡಿದು ಬೆಟಗೇರಿಗೆ ಬಂದೆ. ಹಗಲು ಹನ್ನೊಂದು ಗಂಟೆ, ಕರೆಂಟಿತ್ತು, ಆದರೂ ಲೇಥ್ ನಿಂತಿತ್ತು. ಅದರ ಮೇಲೆ ಬಟ್ಟೆ ಹೊದಿಸಿದ್ದರು. ಖಾಸಿಂಸಾಬರು ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ಬರ್ರಿ ಮೇಡಂ. ಕುಂಡ್ರಿ."

ಹುಟ್ಟಿದಾಗಿನಿಂದ ಯವ್ವಾ ಅಂದವರು ಮೇಡಂ ಅಂದರು. ಅಲ್ಲೇ ನೆಲ ಬಿರಿದು ಒಳಗೆ ಹೋದರೆ ಸಾಕು ಅನಿಸಿತು. ಒಳಗಿನಿಂದ ಫಕೀರಬಿ ಕಾಕು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಅವರು ಯಾರನ್ನೂ ಸುತ್ತಿ ಬಳಸಿ ಮಾತಾಡಿಸಿದವರಲ್ಲ.

"ನೀ ಅದೇನೋ ಬರದ ಮ್ಯಾಲೆ ಯಾರೂ ಬರವಲ್ಲರು" ಅಂದರು. "ಗಿರಣಿ ಶಿವಯೋಗಿ ಬ್ಯಾರೆ ಕಡೆ ಹೋಗಾಕ ಹತ್ಯಾನ. ಮುಂಡರಗಿಯವ್ರು ಪಂಪ್ ತಿರಗಿ ಒಯ್ದ್ರು. ಇವ್ರು ಮುಂಜಾನೆ ಎದ್ದು ಮಷೀನ್ ಒರಸ್ತಾರ, ಮತ್ತ ಬಟ್ಟಿ ಹಾಕ್ತಾರ. ಇಷ್ಟ ನೋಡ ಕೆಲಸ."

"ಸುಮ್ನಿರು" ಅಂದರು ಖಾಸಿಂಸಾಬರು.

ನನ್ನ ಸಾಲು ಇಲ್ಲಿಯವರೆಗೆ ಬಂದಿದೆ ಎಂದು ಗೊತ್ತಾದದ್ದೇ ಆಗ. ಎಲ್ಲ ತುಂಡುಗಳನ್ನೂ ಅಳೆದದ್ದನ್ನು, ಒಂದೂ ತಪ್ಪಿಲ್ಲದ್ದನ್ನು, ಎಲ್ಲವೂ ಹೆಚ್ಚಿನ ಕಡೆ ಇದ್ದದ್ದನ್ನು ತಡವರಿಸುತ್ತ ಹೇಳಿದೆ. "ಯಾಕ ಕಾಕಾ, ಒಂದ ತುಂಡರ ಕಮ್ಮಿ ಕಡೆ ಯಾಕ ಬಂದಿಲ್ಲ?"

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸಿರಬೇಕು. "ಕಮ್ಮಿ ಯಾಕ ಮಾಡ್ಲಿ? ಹೆಚ್ಚ ಉಳದ್ರ ಉಜ್ಜಿ ತಗೀಬಹುದು. ಕಮ್ಮಿ ಆತಂದ್ರ ಆ ತುಂಡ ಸತ್ತಂಗ. ನೀವ ಐದರ ಒಳಗ ಅಂದ್ರಿ. ನಾ ನಾಲ್ಕರ ಮ್ಯಾಲ ನಿಲ್ಲಿಸಿದೆ. ಉಳದದ್ದು ಕೂಡಸುವಾಗ ತಗೀಬೇಕಂತ." ಲೇಥಿನ ಕಡೆ ನೋಡಿ, "ನೀವ ಕರೀಲಿಲ್ಲ" ಅಂದರು.

ನನ್ನದು ತಪ್ಪಾಯಿತು ಅಂದೆ. ಅವರು ಒಳಗೆ ಹೋಗಿ ಅರಗಳನ್ನು ತಂದರು. "ಮೊದಲ ದ್ರಾಕ್ಷಾಯಣವ್ವನ ಕಾಲ ನೋಡೂಣ. ಆಕಿ ಹಾಸು ಹೂಡಿಸಿ ಕುಂತಾಳಂತ."

ಅತ್ತೆಯ ಮನೆಯಲ್ಲಿ ಅವತ್ತು ಮಧ್ಯಾಹ್ನ ನಡೆದದ್ದನ್ನು ನಾನು ಬರೆದಿಟ್ಟುಕೊಳ್ಳಲಿಲ್ಲ, ಆದರೆ ಎಲ್ಲ ನೆನಪಿದೆ. ಫೋನು ಮಾಡಿ ಆಸ್ಪತ್ರೆಯಿಂದ ಕರೆಸಿದ, ಕಾಲು ಕೂಡಿಸುವವನೊಬ್ಬ ಇದ್ದ, ನಾನೊಬ್ಬಳಿದ್ದೆ. ಅತ್ತೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಳು. ಖಾಸಿಂಸಾಬರು ಅರವತ್ತೈದರ ವಯಸ್ಸಿನಲ್ಲಿ ಆ ಕುಣಿಯ ಅಂಚಿಗೆ ಬೋರಲು ಮಲಗಿ ಕೈ ಒಳಗೆ ಇಳಿಸಿದರು. ಕೀಲು ಬಿಚ್ಚುವುದು, ಒಂದು ತುಂಡನ್ನು ಎರಡು ಕೈ ಉಜ್ಜುವುದು, ಮತ್ತೆ ಕೂಡಿಸುವುದು. "ತುಳಿ ಯವ್ವಾ" ಅನ್ನುವರು. ಅತ್ತೆ ತುಳಿಯುವಳು. "ಬಿಗಿ ಐತಿ." ಮತ್ತೆ ಬಿಚ್ಚುವರು. "ಈಗ?" "ಇಳೀತು, ತಿರಗಿ ಬರವಲ್ತು." ಮತ್ತೆ ಬಿಚ್ಚುವರು. ನನ್ನ ಕಂಪ್ಯೂಟರು ಎಲ್ಲರ ಕಾಲಿಗೂ ಒಂದೇ ಸಡಿಲ ಸಾಕು ಅಂದಿತ್ತು. ಅತ್ತೆಗೆ ಬೇಕಾದದ್ದು ಅದಕ್ಕಿಂತ ಸ್ವಲ್ಪ ಕಡಿಮೆ. ಅವಳು ಹಲಗೆಯನ್ನು ಮೆಲ್ಲಗೆ ತುಳಿಯುವವಳು, ಮೆಲ್ಲಗೆ ತುಳಿದದ್ದೂ ಅವಳಿಗೆ ತಿಳಿಯಬೇಕಿತ್ತು. ಹದಿನಾಲ್ಕನೆಯ ಸಲ ಕೂಡಿಸಿದಾಗ ಅತ್ತೆ ಬಿಗಿ ಅನ್ನಲಿಲ್ಲ, ಸಡಿಲ ಅನ್ನಲಿಲ್ಲ. ಬಲಗಾಲು ತುಳಿದಳು, ಲಾಳಿ ಹಾಯಿಸಿದಳು, ಎಡಗಾಲು ತುಳಿದಳು, ಲಾಳಿ ಮರಳಿಸಿದಳು. ನಾಲ್ಕು ಬೆರಳಷ್ಟು ಬಟ್ಟೆ ನೇಯುವವರೆಗೆ ಯಾರನ್ನೂ ನೋಡಲಿಲ್ಲ. ನೇಯುತ್ತಲೇ ಅತ್ತಳು. ಖಾಸಿಂಸಾಬರು ಮೊಣಕೈ ಮಣ್ಣು ಒರೆಸಿಕೊಂಡು, "ಚಹಾ ಮಾಡ ಯವ್ವಾ ರೋಹಿಣಿ" ಅಂದರು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಚಹಾ ಮಾಡಿಲ್ಲ.

ಕಾಲು ಸರಿಯಾಯಿತು, ವರದಿ ಸರಿಯಾಗಿರಲಿಲ್ಲ. ನನ್ನ ಗೈಡ್ ಒಳ್ಳೆಯ ಮನುಷ್ಯ, ಆದರೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಗೊಡವೆ ಬೇಡವಾಗಿತ್ತು. "ಲೆಕ್ಕದ ಬುಡಾನ ತಪ್ಪೈತಿ ಅಂತ ಬರದ್ರ ಮೂರ ವರ್ಷದ ಕೆಲಸ ಏನಾಗಬೇಕು? ಹೊಸಾ ವರದ್ಯಾಗ ಹಳೇದರ ಸುದ್ದಿ ತಗೀಬ್ಯಾಡ" ಅಂದರು. ನಾನು ಅವರ ಕೋಣೆಯಲ್ಲಿ ದನಿ ಏರಿಸಿದೆ. ಪದವಿ ಬರದಿದ್ದರೆ ಬೇಡ ಅಂದೆ. ಅವರು ಕೊನೆಗೆ ಕೈಚೆಲ್ಲಿದರು. ಹಳೆಯ ಸಾಲನ್ನು ಹಿಂತೆಗೆದುಕೊಂಡು, ದೋಷ ಲೆಕ್ಕದ್ದೇ ಹೊರತು ಟರ್ನರ್ ಖಾಸಿಂಸಾಬರದಲ್ಲ ಎಂದು ಬರೆದು ಕಳಿಸಿದೆ. ಆಮೇಲೆ ಹೊಸ ಲೆಕ್ಕ ಕಟ್ಟಿದೆ. ಕೈ ಯಾವ ಕಡೆ ವಾಲುತ್ತದೆ, ಎಷ್ಟು ವಾಲುತ್ತದೆ, ಕೊನೆಗೆ ಮೈಮೇಲೆ ಕೂಡಿಸುವಾಗ ಎಷ್ಟು ಉಜ್ಜಲು ಉಳಿಸಬೇಕು, ಎಲ್ಲವೂ ಅದರಲ್ಲಿ ಬಂತು. ಗದಗ, ಶಿರಹಟ್ಟಿ, ಮುಂಡರಗಿಯ ಒಂಬತ್ತು ಲೇಥ್ ಅಂಗಡಿಗಳಿಂದ ತುಂಡು ಮಾಡಿಸಿ ಅಳೆದೆ. ಒಂಬತ್ತರಲ್ಲಿ ಎಂಟು ಕೈ ಹೆಚ್ಚಿನ ಕಡೆಗೇ ವಾಲಿದ್ದವು. ಸಂಶೋಧನಾ ಪತ್ರಿಕೆಯವರು ಪ್ರಬಂಧ ಒಪ್ಪಿಕೊಂಡರು, ಗದಗಿನ ಹತ್ತಿರದ ನಾಗಾವಿಯ ವಿಶ್ವವಿದ್ಯಾಲಯದವರು ಅದರ ಬಗ್ಗೆ ಮಾತಾಡಲು ಕರೆದರು. ಹಾಳುಮಾಡುತ್ತದೆ ಅಂದುಕೊಂಡಿದ್ದ ತಪ್ಪೇ ನನಗೆ ಡಾಕ್ಟರ್ ಪದವಿ ತಂದಿತು. ಅದಕ್ಕೆ ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳೂ ಖಾಸಿಂಸಾಬರ ಲೇಥಿನ ಮೇಲೆ ಬಟ್ಟೆ ಇತ್ತು. ನನ್ನ ಕೀಲಿನ ಕೆಲಸ ಬಿಟ್ಟರೆ ಬೇರೆ ಕೆಲಸ ಬರುತ್ತಿರಲಿಲ್ಲ.

ಅಚ್ಚಾದ ಪ್ರಬಂಧ ಹಿಡಿದುಕೊಂಡು ಒಂದು ಭಾನುವಾರ ಬೆಳಿಗ್ಗೆ ಅವರ ಅಂಗಡಿಗೆ ಹೋದೆ. ಅವರ ಹೆಸರಿದ್ದ ಸಾಲನ್ನು ತೋರಿಸಿ, ಓದಿ, ಕನ್ನಡದಲ್ಲಿ ಹೇಳಿದೆ. ಅವರು ಹೆಸರಿನ ಮೇಲೆ ಬೆರಳಿಟ್ಟು ನೋಡಿದರು.

"ಛಲೋ ಆತು ಯವ್ವಾ. ನಮ್ಮ ಓಣ್ಯಾಗ ಇದನ್ನ ಯಾರ ಓದತಾರ?"

ನಾನು ಪ್ರಬಂಧ ಮಡಚಿದೆ.

"ನನ್ನ ಹೆಸರ ಕೆಟ್ಟದ್ದು ಕಾಗದದಾಗಲ್ಲ" ಅಂದರು, ಎದುರಿನ ಚಹಾದಂಗಡಿಯನ್ನು ನೋಡುತ್ತ. "ಅಲ್ಲೆ ಕೆಟ್ಟೈತಿ. ನಾ ಹೇಳಿದ್ರ ನಡಿಯೂದಿಲ್ಲ. ತನ್ನ ಕೈ ಛಲೋ ಐತಿ ಅಂತ ಎಲ್ಲಾರೂ ಹೇಳ್ಕೊಂತಾರ. ನೀ ಹೇಳ್ತೀಯೇನು?"

ಎಂಟು ತಿಂಗಳಲ್ಲಿ ಅವರು ನನ್ನಲ್ಲಿ ಕೇಳಿದ್ದು ಅದೊಂದೇ. ಹತ್ತು ಹೆಜ್ಜೆ ದಾರಿ. ದೊಡ್ಡ ದೊಡ್ಡ ಸಭೆಗಳಲ್ಲಿ ಮಾತಾಡಿ ಬಂದಿದ್ದ ನನಗೆ ಆ ಹತ್ತು ಹೆಜ್ಜೆ ಇಡಲು ಕಾಲು ಬರಲಿಲ್ಲ. ಗುರುತಿನ ಓಣಿ, ಅಪ್ಪನ ವಯಸ್ಸಿನ ಗಂಡಸರು, ನಾನು ಡಾಕ್ಟರ್ ಆದೆ ಎಂದು ಹೋದ ವಾರವಷ್ಟೇ ಪೇಢೆ ತಿಂದವರು. ಬೇರೆ ಯಾರಾದರೂ ಹೇಳಲಿ ಎಂದೂ ಅನಿಸಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಜೀವಮಾನದಲ್ಲಿ ನನ್ನ ಸಿಟ್ಟು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಹೋಗಿ ಬೆಂಚಿನ ಎದುರು ನಿಂತೆ. ಗಿರಣಿಯ ಶಿವಯೋಗಿ ಇದ್ದರು, ರಜೆಯ ದಿನವಾದ್ದರಿಂದ ಗವಿಸಿದ್ದೇಶನೂ ಇದ್ದ, ಮಗ್ಗದವರು ಮೂವರಿದ್ದರು. ಖಾಸಿಂಸಾಬರು ನನ್ನ ಹಿಂದೆ ಬಂದು ದೂರದಲ್ಲಿ ನಿಂತರು.

"ನಿಮಗೆಲ್ಲಾರಿಗೂ ಒಂದ ಮಾತ ಹೇಳಬೇಕ್ರಿ" ಅಂದೆ. "ಖಾಸಿಂ ಕಾಕಾನ ಕೈ ಕೆಟ್ಟೈತಿ ಅಂತ ಕಾಲೇಜಿನ ಕಾಗದದಾಗ ಬಂದಿತ್ತಲ್ಲ, ಅದನ್ನ ಬರದಾಕಿ ನಾನ. ಅದು ಸುಳ್ಳು. ಇನ್ನೂರ ಹತ್ತ ತುಂಡ ನಾನ ಕೂತು ಅಳದೇನಿ. ಒಂದೂ ತಪ್ಪಿಲ್ಲ. ತಪ್ಪಿದ್ದು ನನ್ನ ಲೆಕ್ಕ. ಕೂಡಸಾಕ ಕರಿ ಅಂದಿದ್ರು, ನಾ ಕರೀಲಿಲ್ಲ. ದ್ರಾಕ್ಷಾಯಣಿ ಅತ್ತಿ ಇವತ್ತ ನೇಯಾಕ ಹತ್ತ್ಯಾಳಂದ್ರ ಅದು ಇವರ ಕೈ."

ಗವಿಸಿದ್ದೇಶ ಲೋಟದ ಬುಡ ನೋಡುತ್ತ ಕೂತ. ನಾನು ಇನ್ನೂ ಏನಾದರೂ ಹೇಳಬೇಕೇನೋ ಎಂದು ನಿಂತೇ ಇದ್ದೆ.

ಶಿವಯೋಗಿಯವರು ಲೋಟ ಕೆಳಗಿಟ್ಟರು. ನನ್ನನ್ನು ದಾಟಿ ಹಿಂದೆ ನೋಡಿದರು.

"ಖಾಸಿಂಸಾಬ, ನನ್ನ ಗಿರಣಿ ಮತ್ತ ಸದ್ದ ಮಾಡಾಕ ಹತ್ತೇತಿ. ಎರಡ ಸಲ ಬ್ಯಾರೆ ಕಡೆ ಮಾಡಿಸಿದೆ, ಸರಿ ಆಗವಲ್ತು. ನಾಳಿಗೆ ಅಚ್ಚಿನ ಬುಶ್ ತಂದ ಕೊಡ್ಲಿ?"

"ನಾಳಿಗ್ಯಾಕ?" ಅಂದರು ಖಾಸಿಂಸಾಬರು. "ಇವತ್ತ ತಾ. ಖಾಲಿ ಅದೀನಿ."

ಆಮೇಲೆ ನನ್ನ ಕಡೆ ತಿರುಗಿ, ಬಸ್ಸಿಗೆ ತಡವಾಗುತ್ತದೆ, ಹೋಗು ಅಂದರು. ನಾನು ಹೊರಟೆ. ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಅವರು ಅಂಗಡಿಯ ಬಾಗಿಲಲ್ಲಿ ನಿಂತು, ಕೈಗೆ ಸಿಕ್ಕ ಎಣ್ಣೆಬಟ್ಟೆಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಒರೆಸಿಕೊಂಡಷ್ಟೂ ಮುಖ ಕಪ್ಪಾಗುತ್ತಿತ್ತು. ಫಕೀರಬಿ ಕಾಕು ಒಳಗಿನಿಂದ ತಂಬಿಗೆಯಲ್ಲಿ ನೀರು ತಂದು, ತಾವೇ ಅವರ ಮುಖ ತೊಳೆದರು.